ಹಳೇ ಕಂಪ್ಯೂಟರ್‌ಗೆ ದೊಡ್ಡ ಪ್ರೊಸೆಸರ್ ಹಾಕೋ ಮುಂಚೆ ಇದನ್ನ ಓದಿ

ಗದಗಿನಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಅಪ್ಪ ತಂದ ಕಂಪ್ಯೂಟರ್ ಇವತ್ತಿಗೂ ಕೆಲಸ ಮಾಡುತ್ತೆ. ವಿಂಡೋಸ್ 98, ಪೇಜ್‌ಮೇಕರ್, ಹಿಂದೆ ಪ್ರಿಂಟರ್ ಪೋರ್ಟ್‌ಗೆ ಸಿಕ್ಕಿಸಿದ ಕನ್ನಡ ಫಾಂಟ್‌ನ ಡಾಂಗಲ್ (ಅದು ಸಿಕ್ಕಿಸದಿದ್ದರೆ ಫಾಂಟ್ ನಡೆಯಲ್ಲ). ಹಳೇ ಲಗ್ನಪತ್ರಿಕೆಗಳ ಮ್ಯಾಟರ್ ಎಲ್ಲ ಅದರಲ್ಲೇ ಇದೆ, ಹೊಸ ಕಂಪ್ಯೂಟರ್‌ನಲ್ಲಿ ಆ ಪೋರ್ಟೇ ಇಲ್ಲ.

ಒಳಗಿದ್ದ ಪ್ರೊಸೆಸರ್ ಎಎಂಡಿ ಕಂಪನಿಯ ಡ್ಯುರಾನ್ 700. ಲಗ್ನದ ಸೀಜನ್‌ಗೆ ಸ್ವಲ್ಪ ವೇಗ ಬೇಕು ಅಂತ ಹುಬ್ಬಳ್ಳಿಯ ಒಂದು ಅಂಗಡಿಯಿಂದ ಅದೇ ಕಂಪನಿಯ ಹಳೇ ಅಥ್ಲಾನ್ 1.2 ಗಿಗಾಹರ್ಟ್ಸ್ ತಂದೆ. "ಸಾಕೆಟ್ ಒಂದೇ ಐತ್ರೀ, ಹಳೇ ಫ್ಯಾನೇ ನಡೀತೈತಿ" ಅಂದರು, ನಾನೂ ನಂಬಿದೆ. ಸಾಕೆಟ್, ಅಂದರೆ ಪ್ರೊಸೆಸರ್ ಕೂರೋ ಜಾಗ, ಒಂದೇ ನಿಜ, ಆದರೆ ಶಾಖ ಒಂದೇ ಅಲ್ಲ. ಡ್ಯುರಾನ್ 700 ಹೆಚ್ಚೆಂದರೆ 31 ವ್ಯಾಟ್, ಈ ಅಥ್ಲಾನ್ 66 ವ್ಯಾಟ್ ಹತ್ತಿರ. ಎರಡು ಪಟ್ಟಿಗೂ ಜಾಸ್ತಿ, ಫ್ಯಾನ್ ಕೆಳಗಿನ ಅದೇ ಸಣ್ಣ ಹೀಟ್‌ಸಿಂಕ್ (ಶಾಖ ಎಳೆದುಕೊಳ್ಳೋ ಲೋಹದ ತುಂಡು) ಮೇಲೆ! ನಮ್ಮದು ಮಲಗಿಸಿಡೋ ಚಪ್ಪಟೆ ಕ್ಯಾಬಿನೆಟ್ ಬೇರೆ. ಪವರ್ ಸಪ್ಲೈ ಡಬ್ಬಿ ಪ್ರೊಸೆಸರ್ ಫ್ಯಾನ್‌ನ ಮೇಲೇ ಬರುತ್ತೆ, ನಡುವೆ ಎರಡು ಬೆರಳು ಜಾಗ, ಗಾಳಿ ಎಲ್ಲಿಂದ ಎಳೆಯಬೇಕು?

ಏಪ್ರಿಲ್ ಬಿಸಿಲು ಶುರುವಾದ ಮೇಲೆ ದಿನಾ ಮಧ್ಯಾಹ್ನ ಹ್ಯಾಂಗ್ ಆಗತೊಡಗಿತು. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮುಂಚೆ ತೆರೆಯೋ ಸೆಟ್ಟಿಂಗ್ ಸ್ಕ್ರೀನ್) 64 ಡಿಗ್ರಿ ತೋರಿಸುತ್ತಿತ್ತು, ಪರವಾಗಿಲ್ಲ ಅಂದುಕೊಂಡೆ. ಆ ಕಾಲದ ಬೋರ್ಡ್‌ಗಳಲ್ಲಿ ಸೆನ್ಸರ್ ಇರೋದು ಸಾಕೆಟ್ ಕೆಳಗೆ, ಚಿಪ್ ಒಳಗಿನ ಬಿಸಿ ಅದಕ್ಕಿಂತ ಜಾಸ್ತಿನೇ ಇರುತ್ತೆ. ಇದು ಗೊತ್ತಾಗಿದ್ದು ಆಮೇಲೆ.

ಒಂದು ದಿನ ಬಿಚ್ಚಿ ನೋಡಿದರೆ ಹೀಟ್‌ಸಿಂಕ್ ಸಂದಿಯಲ್ಲೆಲ್ಲ ಕಾಗದದ ಧೂಳು ಹತ್ತಿಯ ಹಾಗೆ ತುಂಬಿತ್ತು. ಕಟಿಂಗ್ ಮಷೀನ್ ಪಕ್ಕದಲ್ಲೇ ಇದೆ, ಸಹಜ. ತೆಗೆದು ಸ್ವಚ್ಛ ಮಾಡಿ, ಚಿಪ್‌ನ ಶಾಖ ಹೀಟ್‌ಸಿಂಕ್‌ಗೆ ದಾಟಿಸೋ ಪೇಸ್ಟ್ ಹೊಸದಾಗಿ ಹಚ್ಚಿ ಮತ್ತೆ ಕೂರಿಸಲು ಹೋದೆ. ಕ್ಲಿಪ್ ಒತ್ತಬೇಕಾದ ಕಡೆಗೆ ಪವರ್ ಸಪ್ಲೈ ಅಡ್ಡ, ಸ್ಕ್ರೂಡ್ರೈವರ್ ಹೋಗುತ್ತಲೇ ಇಲ್ಲ. ಹೀಟ್‌ಸಿಂಕನ್ನೇ ತಿರುಗಿಸಿ ಇಟ್ಟೆ, ಕ್ಲಿಪ್ ಸುಲಭವಾಗಿ ಕೂತಿತು. ಆನ್ ಮಾಡಿದೆ. ಫ್ಯಾನ್ ತಿರುಗಿತು, ಸ್ಕ್ರೀನ್ ಬರಲಿಲ್ಲ, ಕೆಲವೇ ಸೆಕೆಂಡಿನಲ್ಲಿ ಸುಟ್ಟ ವಾಸನೆ. ಅಷ್ಟೇ, ಪ್ರೊಸೆಸರ್ ಹೋಯಿತು.

ಆ ಹೀಟ್‌ಸಿಂಕ್‌ನ ತಳದಲ್ಲಿ ಒಂದು ಬದಿಗೆ ಮೆಟ್ಟಿಲಿನ ಹಾಗೆ ಕೊರೆದಿರುತ್ತಾರೆ. ಸಾಕೆಟ್‌ನ ಎತ್ತರದ ಅಂಚು ಆ ಕೊರೆದ ಜಾಗದ ಕೆಳಗೆ ಬರಬೇಕು. ಉಲ್ಟಾ ಇಟ್ಟರೆ ತಳ ಆ ಅಂಚಿನ ಮೇಲೆ ಕೂತು, ಚಿಪ್‌ಗೆ ಸರಿಯಾಗಿ ತಾಗುವುದೇ ಇಲ್ಲ. ಇಂಟೆಲ್ ಕಂಪನಿಯ ಪೆಂಟಿಯಮ್ 4 ಪ್ರೊಸೆಸರ್ ಆಗಿದ್ದರೆ ಬಿಸಿ ಏರಿದಾಗ ತಾನೇ ನಿಧಾನ ಆಗುತ್ತಿತ್ತು. ಈ ಅಥ್ಲಾನ್‌ಗೆ ಆ ರಕ್ಷಣೆ ಇಲ್ಲ, ಸುಟ್ಟೇ ಹೋಗುತ್ತೆ.

ಪುಣ್ಯಕ್ಕೆ ಬೋರ್ಡ್ ಉಳಿಯಿತು, ಹಾರ್ಡ್‌ಡಿಸ್ಕ್‌ಗೂ ಏನೂ ಆಗಲಿಲ್ಲ. ಹಳೇ ಡ್ಯುರಾನ್ ಡ್ರಾಯರ್‌ನಲ್ಲೇ ಇತ್ತು, ಅದನ್ನೇ ವಾಪಸ್ ಹಾಕಿದೆ. ಆದರೆ ಆ ವಾರ ಮೂರು ಮನೆಯ ಲಗ್ನಪತ್ರಿಕೆ ಬೇರೆ ಪ್ರೆಸ್‌ಗೆ ಹೋದವು. ನಮ್ಮ ಹತ್ತಿರ ವರ್ಷಗಟ್ಟಲೆ ಬಂದ ಮನೆಗಳು ಅವು, ಅದು ಇನ್ನೂ ನೋಯುತ್ತೆ.

ನಿಮ್ಮ ಹತ್ತಿರ ಇಂಥ ಮಷೀನ್ ಇದ್ದರೆ ದಯವಿಟ್ಟು ಗಿಗಾಹರ್ಟ್ಸ್ ನೋಡಿ ಪ್ರೊಸೆಸರ್ ತರಬೇಡಿ, ವ್ಯಾಟ್ ಕೇಳಿ, ನಿಮ್ಮ ಹೀಟ್‌ಸಿಂಕ್ ಅಷ್ಟು ತಡೆಯುತ್ತಾ ನೋಡಿ. ಜಾಗ ಇಲ್ಲ ಅಂದರೆ ಮೊದಲು ಪವರ್ ಸಪ್ಲೈ ಬಿಚ್ಚಿ ಹೊರಗಿಡಿ, ನಾಲ್ಕು ಸ್ಕ್ರೂ ಕೆಲಸ ಅಷ್ಟೇ. ಹೀಟ್‌ಸಿಂಕ್ ತೆಗೆಯೋ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ಬದಿ ಯಾವ ಕಡೆ ಇತ್ತು ಅಂತ.