ಎರಡು ಬಿಲ್, ಒಂದೇ ಕೇಬಲ್: ವ್ಯಾಪಾರಕ್ಕೆ ಫೈಬರ್ ಹಾಕಿಸುವವರ ಗಮನಕ್ಕೆ

ಮಡಿಕೇರಿಯಲ್ಲಿ ಕಾಫಿ ಹುರಿದು, ಪುಡಿ ಮಾಡಿ ಬೆಂಗಳೂರಿನ ಹೋಟೆಲುಗಳಿಗೆ ಕಳುಹಿಸುವ ಸಣ್ಣ ವ್ಯವಹಾರ ನನ್ನದು. ಮಳೆಗಾಲದಲ್ಲಿ ಒಂದು ಲೈನ್ ಹೋದರೆ ಇನ್ನೊಂದಿರಲಿ ಎಂದು ಎರಡು ಕಂಪನಿಗಳಿಂದ ಫೈಬರ್ ಸಂಪರ್ಕ ಪಡೆದು, ಎರಡು ವರ್ಷ ತಪ್ಪದೆ ಎರಡು ಬಿಲ್ ಕಟ್ಟಿದೆ. ಕಳೆದ ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಮಳೆಯ ತಿಂಗಳು) ಒಂದು ರಾತ್ರಿ ಸಿಲ್ವರ್ ಓಕ್ ಮರವೊಂದು ವಿದ್ಯುತ್ ಕಂಬದ ಮೇಲೆ ಬಿತ್ತು. ಯುಪಿಎಸ್ ಮೇಲೆ ಓಡುತ್ತಿದ್ದ ಎರಡೂ ಮೋಡೆಮ್‌ಗಳಲ್ಲಿ ಒಟ್ಟಿಗೇ ಕೆಂಪು ದೀಪ ಹೊತ್ತಿಕೊಂಡಿತು.

ಮೂರನೆಯ ದಿನ ಬಂದ ಸ್ಪ್ಲೈಸಿಂಗ್ (ತುಂಡಾದ ಫೈಬರ್ ಎಳೆಗಳನ್ನು ಬೆಸೆಯುವ) ಹುಡುಗ ಕಂಬದ ಬುಡದಲ್ಲಿ ಟಾರ್ಪಾಲಿನಡಿ ಕುಳಿತು, ಕೇಬಲಿನ ಕಪ್ಪು ಹೊದಿಕೆ ಸುಲಿದು ತೋರಿಸಿದಾಗಲೇ ನನಗೆ ವಿಷಯ ತಿಳಿದದ್ದು: ಒಳಗಿನ ನೀಲಿ ಟ್ಯೂಬಿನ ಎಳೆಗಳು ಮೊದಲ ಕಂಪನಿಯವು, ಅದಕ್ಕೆ ಒತ್ತಿಕೊಂಡಿದ್ದ ಕಿತ್ತಳೆ ಟ್ಯೂಬಿನವು ಎರಡನೆಯದರವು. ಎರಡನೆಯ ಕಂಪನಿ ತನ್ನ ಕೇಬಲನ್ನು ಎಳೆದಿರಲೇ ಇಲ್ಲ. ಮೊದಲನೆಯದರ ಕೇಬಲಿನಲ್ಲಿ ಬಳಕೆಯಾಗದೆ ಉಳಿದ ಎಳೆಗಳನ್ನು (ಕೋರ್‌ಗಳನ್ನು) ಬಾಡಿಗೆಗೆ ಪಡೆದಿತ್ತು. ಹಾಗೆ ಪಡೆಯುವುದು ತಪ್ಪಲ್ಲ, ಆದರೆ ನಮಗೆ ಅದನ್ನು "ಸಂಪೂರ್ಣ ಪ್ರತ್ಯೇಕ ಮಾರ್ಗ" ಎಂದು ಹೇಳಿ ಮಾರಿದ್ದರು. ಹತ್ತಿರದ ಮೊಬೈಲ್ ಟವರೂ ಅದೇ ಕೇಬಲನ್ನು ನಂಬಿದ್ದರಿಂದ, ಲೋಡ್ ಆಗಿ ನಿಂತ ಲಾರಿಗೆ ಇ-ವೇ ಬಿಲ್ (ಸರಕು ಸಾಗಣೆಗೆ ಆನ್‌ಲೈನಿನಲ್ಲಿ ಪಡೆಯುವ ಜಿಎಸ್‌ಟಿ ಪತ್ರ) ತೆಗೆಯಲು ನಾನು ಕುಶಾಲನಗರಕ್ಕೆ ಹೋಗಬೇಕಾಯಿತು.

ಒಪ್ಪಂದದಲ್ಲಿ ಶೇ. 99.5ರಷ್ಟು ಸಮಯ ಸಂಪರ್ಕ ಇರುತ್ತದೆ ಎಂದಿತ್ತು. ಅಂದರೆ 30 ದಿನಗಳ ತಿಂಗಳಿನಲ್ಲಿ 3 ಗಂಟೆ 36 ನಿಮಿಷಕ್ಕಿಂತ ಹೆಚ್ಚು ಕಡಿತವಾಗುವಂತಿಲ್ಲ. ನನಗೆ ಹೋದದ್ದು ಐದು ದಿನ. ಪರಿಹಾರ ಕೇಳಿದರೆ, ಗಾಳಿ, ಮಳೆ, ಮರ ಬೀಳುವುದು ಎಲ್ಲವನ್ನೂ ಹೊರಗಿಟ್ಟ ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ತೋರಿಸಿದರು. ಕೊಡಗಿನಲ್ಲಿ ಇವನ್ನು ಬಿಟ್ಟರೆ ಲೈನ್ ಹೋಗಲು ಬೇರೆ ಕಾರಣ ಎಷ್ಟು ಉಳಿಯುತ್ತದೆಯೋ ಕಾಣೆ.

ದುರಸ್ತಿಯೂ ಸರಿಯಾಗಲಿಲ್ಲ. ಒಳ್ಳೆಯ ಸ್ಪ್ಲೈಸಿಂಗ್‌ನಲ್ಲಿ ಒಂದು ಜಾಯಿಂಟಿಗೆ 0.1 ಡೆಸಿಬೆಲ್‌ನಷ್ಟು ಬೆಳಕೂ ನಷ್ಟವಾಗುವುದಿಲ್ಲ. ನಮ್ಮಲ್ಲಿ, ಬಂದು ತಲುಪುವ ಬೆಳಕನ್ನು ಅಳೆಯುವ ಪವರ್ ಮೀಟರ್ ಮೈನಸ್ 29 ಡಿಬಿಎಂ ತೋರಿಸುತ್ತಿತ್ತು (ಅಂಕಿ ಕೆಳಗಿಳಿದಷ್ಟೂ ಬೆಳಕು ಕಡಿಮೆ). ಈ ಬಗೆಯ ಮೋಡೆಮ್‌ಗಳು ಮೈನಸ್ 27ಕ್ಕಿಂತ ಕೆಳಗೆ ತಡವರಿಸುತ್ತವೆ. ದುರಸ್ತಿಯ ಕಾಗದಕ್ಕೆ ಸಹಿ ಹಾಕುವ ಮುನ್ನ ಆ ಅಂಕಿಯನ್ನು ನೋಡಿಕೊಳ್ಳಿ.

ವೇಗ, ದರ ಕೇಳುವುದಕ್ಕೂ ಮೊದಲು ಕೇಬಲ್ ಯಾರದು, ಯಾವ ಕಂಬಗಳ ಮೇಲೆ ಬರುತ್ತದೆ, ಊರೊಳಕ್ಕೆ ಯಾವ ರಸ್ತೆಯಿಂದ ಇಳಿಯುತ್ತದೆ ಎಂಬುದನ್ನು ನಕ್ಷೆ ಸಮೇತ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಮಡಿಕೇರಿಯಲ್ಲಾದರೆ ಒಂದು ಲೈನ್ ಕುಶಾಲನಗರದ ಕಡೆಯಿಂದ, ಇನ್ನೊಂದು ಸಂಪಾಜೆಯ ಕಡೆಯಿಂದ ಬರಲಿ; 2018ರ ಆಗಸ್ಟ್‌ನಲ್ಲಿ ಸಂಪಾಜೆ ರಸ್ತೆಯೇ ಕುಸಿದದ್ದನ್ನು ಕಂಡವರಿಗೆ, ಎರಡನ್ನೂ ಒಂದೇ ರಸ್ತೆಗೆ ಕಟ್ಟಿಹಾಕುವ ಅಪಾಯವನ್ನು ವಿವರಿಸಬೇಕಿಲ್ಲ. ಬೆಂಗಳೂರಿನಂಥ ನಗರದಲ್ಲಿ ಕಚೇರಿ ಇರುವವರು ಕೇಬಲ್ ನೆಲದಡಿ ಇದೆಯೆಂದು ನಿಶ್ಚಿಂತರಾಗಬೇಡಿ. ಎರಡೂ ಕಂಪನಿಗಳ ಕೇಬಲ್ ಒಂದೇ ಡಕ್ಟಿನಲ್ಲಿದ್ದರೆ (ನೆಲದಡಿಯ ಕೊಳವೆಯಲ್ಲಿದ್ದರೆ) ಅಲ್ಲಿ ಮರ ಬೀಳಬೇಕಿಲ್ಲ, ಜೆಸಿಬಿಯ ಒಂದು ಬಕೆಟ್ ಸಾಕು.

ಎರಡನೆಯ ಸಂಪರ್ಕವನ್ನು ರದ್ದು ಮಾಡಿದ್ದೇನೆ. ಮೂರನೆಯ ಕಂಪನಿಯ ಪ್ರತಿನಿಧಿ ಬಂದಾಗ, ಕಂಬ ಕಂಬ ನೋಡುತ್ತ ನಡೆಯೋಣ ಬನ್ನಿ ಎಂದು ಕರೆದುಕೊಂಡು ಹೊರಟೆ. ನಾಲ್ಕನೆಯ ಕಂಬದಲ್ಲಿ ಅದೇ ಜಾಯಿಂಟ್ ಬಾಕ್ಸ್ ತೂಗಾಡುತ್ತಿತ್ತು. "ಆಫೀಸಿನಲ್ಲಿ ವಿಚಾರಿಸಿ ಫೋನ್ ಮಾಡ್ತೀನಿ ಸಾರ್" ಎಂದು ಹೋದವರು ಇನ್ನೂ ಮಾಡಿಲ್ಲ.