ರೆಮ್ಸ್ ಸ್ಕ್ಯಾನ್: ಎಕ್ಸ್‌ರೇ ಇಲ್ಲದೆ ಮೂಳೆ ಸವೆತ ಅಳೆಯುವ ಯಂತ್ರ

ಮೊದಲೇ ಹೇಳಿಬಿಡಬೇಕು: ಉಚಿತ ಕ್ಯಾಂಪುಗಳಲ್ಲಿ ಹಿಮ್ಮಡಿಗೆ ಮಾಡುವ ಅಲ್ಟ್ರಾಸೌಂಡ್ ಬೇರೆ, ರೆಮ್ಸ್ ಎಂಬ ಈ ಅಲ್ಟ್ರಾಸೌಂಡ್ ಬೇರೆ. ಡೆಕ್ಸಾ ಎಂದರೆ ಎಕ್ಸ್‌ರೇಯಿಂದ ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್; ಮೂಳೆ ಸವೆತವಿದೆ ಎನ್ನಲು ಅದು ಬಳಸುವ ‘ಮೈನಸ್ 2.5’ ಗೆರೆ ಹಿಮ್ಮಡಿಯ ಅಂಕಿಗೆ ಅನ್ವಯಿಸುವುದಿಲ್ಲ. ಔಷಧಿ ಕೆಲಸ ಮಾಡುತ್ತಿದೆಯೇ ಎಂದು ನೋಡಲೂ ಹಿಮ್ಮಡಿಯ ಪರೀಕ್ಷೆ ಬರುವುದಿಲ್ಲ. ಇಟಲಿಯ ಎಕೋಲೈಟ್ ಕಂಪನಿಯ ರೆಮ್ಸ್ ಯಂತ್ರ ನೇರವಾಗಿ ಸೊಂಟದ ಕೀಲು ಮತ್ತು ಬೆನ್ನುಮೂಳೆಯನ್ನೇ ನೋಡುತ್ತದೆ. 2018ರಲ್ಲಿ ಅಮೆರಿಕದ ಔಷಧಿ, ವೈದ್ಯಕೀಯ ಉಪಕರಣಗಳ ನಿಯಂತ್ರಕ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿದೆ.

ಮೂಳೆಯಿಂದ ಮರಳುವ ಶಬ್ದದ ಅಲೆಯನ್ನು ಚಿತ್ರವಾಗಿಸುವ ಮೊದಲೇ ವಿಶ್ಲೇಷಿಸಿ, ಅದೇ ವಯಸ್ಸು, ಲಿಂಗ, ತೂಕದವರ ಮಾದರಿಗಳೊಂದಿಗೆ ಹೋಲಿಸುವುದು ಇದರ ಕ್ರಮ. ಮುಂದೆ ಚಾಚಿದ ಮೂಳೆಮುಳ್ಳು, ಗಟ್ಟಿಗೊಂಡ ರಕ್ತನಾಳ ಇವುಗಳ ಸದ್ದನ್ನು ತಂತ್ರಾಂಶವೇ ಬದಿಗಿಡುತ್ತದೆ. ಇದು ದೊಡ್ಡ ಲಾಭ. ಸಂಧಿವಾತವಿರುವ ವಯಸ್ಸಾದವರ ಬೆನ್ನು ಡೆಕ್ಸಾದಲ್ಲಿ ಇರುವುದಕ್ಕಿಂತ ಗಟ್ಟಿಯಾಗಿ ಕಾಣುವುದು ಇವುಗಳಿಂದಲೇ. ವಿಕಿರಣವಿಲ್ಲದ್ದರಿಂದ ಗರ್ಭಿಣಿಯರಿಗೂ ಮಾಡಬಹುದು.

ಎಡವುವುದು ಪ್ರೋಬ್ (ಮೈಮೇಲೆ ಒತ್ತಿ ಹಿಡಿಯುವ ಸಾಧನ) ಹಿಡಿಯುವ ಕೈಯಲ್ಲಿ. ಬೆನ್ನನ್ನು ಹೊಟ್ಟೆಯ ಕಡೆಯಿಂದ ನೋಡಬೇಕಾಗುತ್ತದೆ. ಕರುಳಿನಲ್ಲಿ ಗಾಳಿ ತುಂಬಿದ್ದರೆ ಅಲೆ ಮೂಳೆ ಮುಟ್ಟುವುದಿಲ್ಲ. ಆಳ ಮತ್ತು ಫೋಕಸ್ ಹೊಂದಿಸಿ ಮೂಳೆಯ ಮೇಲ್ಮೈಯನ್ನು ಸರಿಯಾದ ಜಾಗಕ್ಕೆ ತರದಿದ್ದರೆ ಅಳತೆ ಕೆಡುತ್ತದೆ. ಬೊಜ್ಜಿನ ಹೊಟ್ಟೆಯಲ್ಲಿ ಈ ಕೆಲಸ ಇನ್ನೂ ಕಷ್ಟ. ಹೊಟ್ಟೆ ಉಬ್ಬರವಿದ್ದ ದಿನ ಬೆನ್ನಿನ ಸ್ಕ್ಯಾನ್ ಮುಂದೂಡಿ, ಸೊಂಟದ್ದನ್ನು ಮಾಡಿಸಿಕೊಳ್ಳುವುದು ಜಾಣತನ.

ಈಗಾಗಲೇ ಡೆಕ್ಸಾ ವರದಿ ಇರುವವರು ಅದರ ಪಕ್ಕದಲ್ಲಿ ರೆಮ್ಸ್ ವರದಿ ಇಟ್ಟು ಏರಿತು, ಇಳಿಯಿತು ಎನ್ನಬಾರದು. ಡೆಕ್ಸಾದಲ್ಲೇ ಮುಂದುವರಿಯುವುದಾದರೆ ಯಂತ್ರವೂ ಅದೇ ಇರಲಿ. ಅಲ್ಲಿಯೂ ಪ್ರತಿ ಕೇಂದ್ರ ತನ್ನ ಅಳತೆಯ ದೋಷವನ್ನು (ಒಬ್ಬರನ್ನೇ ಮತ್ತೆ ಅಳೆದಾಗ ಬರುವ ವ್ಯತ್ಯಾಸವನ್ನು) 2.77ರಿಂದ ಗುಣಿಸಿ, ಎಷ್ಟು ಬದಲಾದರೆ ನಿಜವಾದ ಬದಲಾವಣೆ ಎಂದು ತಿಳಿದಿರಬೇಕು. ಬೆನ್ನಿಗೆ ಆ ಮಿತಿ 5.3 ಶೇಕಡಾ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಮಿತಿ ಅಷ್ಟಿರುವ ಕೇಂದ್ರದಲ್ಲಿ ಮೂಳೆ ಸಾಂದ್ರತೆ 0.800 ಇದ್ದದ್ದು 0.780 ಆದರೆ ಅದು 2.5 ಶೇಕಡಾ ಮಾತ್ರ. ಅಷ್ಟಕ್ಕೇ ಔಷಧಿ ಬದಲಿಸುವ ಅಗತ್ಯವಿಲ್ಲ.

ಡೆಕ್ಸಾದಲ್ಲಿ ಔಷಧಿಯ ಫಲ ಕಾಣಲು ಒಂದೆರಡು ವರ್ಷ ಬೇಕು. ಅದಕ್ಕೂ ಮೊದಲು ತಿಳಿಯಬೇಕಾದರೆ ಮೂಳೆ ಕರಗುವಾಗ ರಕ್ತಕ್ಕೆ ಬರುವ ತುಣುಕನ್ನು ಅಳೆಯುವ ಸಿಟಿಎಕ್ಸ್ ಪರೀಕ್ಷೆ ಇದೆ: ಮೂಳೆ ಕರಗುವುದನ್ನು ತಡೆಯುವ ಔಷಧಿ ಕೆಲಸ ಮಾಡುತ್ತಿದ್ದರೆ ಅದರ ಅಂಕಿ ಮೂರು ತಿಂಗಳಲ್ಲಿ ಇಳಿದಿರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ರಕ್ತ ಕೊಡಬೇಕು. ತಿಂಡಿ ತಿಂದರೆ ಅಂಕಿ ತಾನಾಗಿಯೇ ಇಳಿಯುತ್ತದೆ.