ತಿರುಗುವ ಡ್ರಮ್, ಹರಿಯುವ ಪೈಪ್, ಸುಮ್ನೆ ನಿಂತ ಬಕೆಟ್: ಕಲಬುರಗಿ ಮನೆಯೊಳಗೆ ಯಾವುದು ನಡೆಯುತ್ತದೆ?

ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಮೂರು ಏರ್ಪಾಡುಗಳನ್ನು ಮನೆಯಲ್ಲೇ ಕಟ್ಟಿ, ಚಳಿಗಾಲ, ಬೇಸಿಗೆ ಎರಡರಲ್ಲೂ ನಡೆಸಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನಮ್ಮೂರಲ್ಲಿ ಗಿಡವನ್ನು ಕಾಡುವುದು ಬೆಳಕಿನ ಕೊರತೆಗಿಂತ ನೀರಿನ ಬಿಸಿ.

ನೋಡಲು ಚೆಂದ ಅಂದರೆ ಡ್ರಮ್ಮೇ. 'ಇದೇನ್ರೀ, ಜಾತ್ರಿ ತೊಟ್ಲಾ?' ಅಂತ ಪಕ್ಕದ ಮನೆಯವರು ಕೇಳಿದ್ದು ಸರಿಯಾಗೇ ಇತ್ತು. ಗುಜರಿಯಲ್ಲಿ ಸಿಕ್ಕ 26 ಇಂಚಿನ ಎರಡು ಸೈಕಲ್ ರಿಮ್, ಅವುಗಳ ನಡುವೆ ಎರಡಡಿ ಉದ್ದದ ಪಿವಿಸಿ ಪೈಪುಗಳು. ನಡುಮಧ್ಯೆ ದೀಪ, ಕೆಳಗೆ ಗೊಬ್ಬರ ನೀರಿನ ಟ್ರೇ. ಡ್ರಮ್ ನಿಧಾನಕ್ಕೆ ತಿರುಗಿದಂತೆ ಒಂದೊಂದೇ ಪೈಪ್ ಟ್ರೇಯಲ್ಲಿ ಮುಳುಗಿ ಏಳುತ್ತದೆ. ಗಿಡದ ತೂತು ಒಳಮುಖವಾಗಿರುತ್ತದೆ, ನೀರು ಹೊಕ್ಕು ಇಳಿಯುವ ತೂತು ಹೊರಮುಖವಾಗಿ. ಈ ಹೊರಗಿನ ತೂತು ತೀರಾ ಚಿಕ್ಕದಾದರೆ ನೀರು ಇಳಿದು ಮುಗಿಯುವ ಮೊದಲೇ ಪೈಪ್ ಮೇಲೇರುತ್ತದೆ, ದೀಪದ ಮೇಲೆ ತೊಟ್ಟಿಕ್ಕುತ್ತದೆ. ಹಾಗಾಗಿ ದೀಪಕ್ಕೆ 12 ವೋಲ್ಟಿನ ಎಲ್‌ಇಡಿ ಪಟ್ಟಿಯೇ ಇರಲಿ, ಅದೂ ನೀರು ತಾಗದಂತೆ ಸಿಲಿಕೋನ್ ಹೊದಿಕೆ ಇರುವಂಥದ್ದು. ಗಿಡ ತಲೆಕೆಳಗಾಗುವುದರಿಂದ ಬೇರಿಗೆ ಹಾಕುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉದುರುತ್ತದೆ, ಸ್ಪಂಜ್ ನಿಲ್ಲುತ್ತದೆ.

ಮೋಟರ್ ಹುಡುಕಿ ಅಲೆಯಬೇಕಿಲ್ಲ. ಕೂಲರ್ ರಿಪೇರಿ ಅಂಗಡಿಯ ಸ್ವಿಂಗ್ ಮೋಟರ್, ಅಂದರೆ ಕೂಲರಿನ ಪಟ್ಟಿಗಳನ್ನು ಆಚೀಚೆ ಆಡಿಸುವ ಪುಟ್ಟ ಮೋಟರ್, ಸಾಕು. ಅದು ನಿಮಿಷಕ್ಕೆ ಸುಮಾರು 5 ಸುತ್ತು ಹಾಕುತ್ತದೆ. 2 ಸೆಂ.ಮೀ. ರೋಲರ್ ಮೂಲಕ 60 ಸೆಂ.ಮೀ. ಡ್ರಮ್ಮಿಗೆ ಕೊಟ್ಟರೆ ವೇಗ 30 ಪಟ್ಟು ಇಳಿದು, ಒಂದು ಸುತ್ತಿಗೆ 6 ನಿಮಿಷ ಬೇಕಾಗುತ್ತದೆ. ಬೇರಿಗೆ ಗಾಳಿಯೂ ಬೇಕಲ್ವಾ? ಅದಕ್ಕೇ 15 ನಿಮಿಷದ ಟೈಮರ್ ಹಾಕಿ, ಓಡಿಸಿ, ನಿಲ್ಲಿಸಿ ನಡೆಸಬೇಕು. 15 ನಿಮಿಷ ಅಂದರೆ ಎರಡೂವರೆ ಸುತ್ತು. ಈ ಸಲ ಮೇಲೆ ನಿಂತವು ಮುಂದಿನ ಸಲ ಕೆಳಗಿರುತ್ತವೆ.

ಇಂಗ್ಲೆಂಡಿನ ಸಸ್ಯವಿಜ್ಞಾನಿ ಥಾಮಸ್ ನೈಟ್ 1806ರಲ್ಲೇ ಬೀಜಗಳನ್ನು ನೀರಿನ ಚಕ್ರಕ್ಕೆ ಕಟ್ಟಿ ಜೋರಾಗಿ ತಿರುಗಿಸಿದ್ದರು. ಬೇರು ಹೊರಕ್ಕೆ ಹೋಯಿತು, ಕುಡಿ ನಡುವಿಗೆ ಬಂತು. ನಮ್ಮ ಡ್ರಮ್ಮಿಗೆ ಆ ವೇಗವಿಲ್ಲ. ಇಲ್ಲಿ ಕುಡಿಯನ್ನು ನಡುವಿಗೆ ಎಳೆಯುವುದು ದೀಪ. ಅದಕ್ಕೇ 20 ವ್ಯಾಟಿಗೆ ಮೆಂತ್ಯ ಬರೀ ಕಡ್ಡಿಯಾಗಿ ಚಾಚುತ್ತದೆ. 60 ವ್ಯಾಟ್, ದಿನಕ್ಕೆ 14 ಗಂಟೆ ಕೊಟ್ಟರೆ ತಕ್ಕಮಟ್ಟಿಗೆ ಬರುತ್ತದೆ. ತಿಂಗಳಿಗೆ 25 ಯೂನಿಟ್ ಕರೆಂಟ್. ನವೆಂಬರಿನಿಂದ ಫೆಬ್ರವರಿವರೆಗೆ ಪಾಲಕ್, ಲೆಟ್ಯೂಸ್ ಇದರಲ್ಲಿ ಚೆನ್ನಾಗಿಯೇ ಬಂದವು.

ಏಪ್ರಿಲ್ ಬಂತು, ಕಥೆ ಬದಲಾಯಿತು. ಹೊರಗೆ 42 ಡಿಗ್ರಿ, ಒಳಗೆ ದೀಪದ ಶಾಖ ಬೇರೆ. ಟ್ರೇ ಆಳವಿಲ್ಲದ್ದು, ಬೇಗ ಕಾಯುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ. ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯದು ಏಳೂವರೆಯಷ್ಟೇ. ಬೇರಿಗೋ ಬಿಸಿಯಲ್ಲಿ ಇನ್ನೂ ಜಾಸ್ತಿ ಬೇಕು. ಬೇರು ಕಂದಾಗಿ ಲೋಳೆಯಾಯಿತು. ಒಣಗಾಳಿಗೆ ನೀರು ಆವಿಯಾಗುತ್ತದೆ, ಗೊಬ್ಬರದ ಉಪ್ಪು ಉಳಿಯುತ್ತದೆ. ಬೋರಿನ ಗಡಸು ನೀರಾದರಂತೂ ಕೇಳಲೇಬೇಡಿ.

ಪೈಪಿನಲ್ಲಿ ತೆಳ್ಳಗೆ ನೀರು ಹರಿಸುವ ಪದ್ಧತಿಗೆ ಕೂಲರ್ ಪಂಪ್ ಸಾಕು, ಕಟ್ಟುವುದೂ ಸುಲಭ. ಆದರೆ ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋದರೆ ಬೇರು ಬೇಗ ಒಣಗುತ್ತದೆ. ಡ್ರಮ್ಮಿನಲ್ಲಿ ಮೇಲಿನವು ಒಣಗಿದರೂ ಕೆಳಗಿನವು ಬದುಕುತ್ತವೆ. ಇನ್ವರ್ಟರ್ ಇಲ್ಲದ ಮನೆಗೆ ನಾನು ಪೈಪ್ ಹೇಳುವುದಿಲ್ಲ.

ಬಕೆಟ್ಟಿಗೆ ಕರೆಂಟೇ ಬೇಡ. ಇದು ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಅವರ ವಿಧಾನ. ಮುಚ್ಚಳದ ತೂತಿನಲ್ಲಿ ಗಿಡ, ಕೆಳಗೆ ಗೊಬ್ಬರ ನೀರು. ನೀರು ಇಳಿದಷ್ಟೂ ಮೇಲಿನ ಬೇರಿಗೆ ಗಾಳಿ ಸಿಗುತ್ತದೆ. ಮತ್ತೆ ಅಂಚಿನವರೆಗೆ ತುಂಬಬಾರದು, ಅಷ್ಟೆ. 20 ಲೀಟರಿನ ಪೇಂಟ್ ಬಕೆಟ್ಟುಗಳನ್ನು ಹಳೆಯ ಆಫೀಸ್ ಕುರ್ಚಿಯ ತಿರುಗುವ ತಳದ ಮೇಲೆ ಹಲಗೆ ಬಡಿದು ಇಟ್ಟೆ. ಪೂರ್ವದ ಕಿಟಕಿಯ ಹತ್ತಿರ ದಿನಾ ಬೆಳಿಗ್ಗೆ ಕೈಯಿಂದ ಕಾಲು ಸುತ್ತು ತಿರುಗಿಸಿದರೆ ಗಿಡ ಒಂದೇ ಕಡೆ ವಾಲುವುದಿಲ್ಲ. ಬೇಸಿಗೆಯಲ್ಲಿ ಸುತ್ತ ಒದ್ದೆ ಗೋಣಿಚೀಲ ಕಟ್ಟುತ್ತೇನೆ. ನಮ್ಮ ಒಣಗಾಳಿಗೆ ಅದು ಚೆನ್ನಾಗಿ ತಂಪು ಹಿಡಿಯುತ್ತದೆ. ಎತ್ತರ ಬೆಳೆಯುವ ಪುಂಡಿ ಪಲ್ಯ ಡ್ರಮ್ಮಿನೊಳಗೆ ದೀಪಕ್ಕೆ ತಾಗುತ್ತದೆ, ಇಲ್ಲಿ ಆ ತೊಂದರೆಯಿಲ್ಲ. ಸೊಳ್ಳೆ ಹೋಗದಂತೆ ಮುಚ್ಚಳದ ಸಂದು ಮಾತ್ರ ಭದ್ರವಾಗಿ ಮುಚ್ಚಿ.

ನನ್ನ ಆಯ್ಕೆ ಬಕೆಟ್ಟೇ. ಕಿಟಕಿಯೇ ಇಲ್ಲದ ಕೋಣೆಯಿದ್ದು, ಎ.ಸಿ. ಇದ್ದವರು ಡ್ರಮ್ ಕಟ್ಟಲಿ. ಎ.ಸಿ.ಯಿಂದ ಇಳಿಯುವ ನೀರನ್ನೂ ಬೋರಿನ ನೀರಿಗೆ ಬೆರೆಸಿದರೆ ಗಡಸುತನ ಕಡಿಮೆಯಾಗುತ್ತದೆ.